ದಾನಪತ್ರದಲ್ಲಿ ಬರೆಯದೇ ಉಳಿದ ಸಾಲು

ಉಪನೋಂದಣಾಧಿಕಾರಿ ಕಚೇರಿಯ ಎದುರು ಕೂರುವ ಪತ್ರ ಬರಹಗಾರರಿಗೆ ಒಂದು ವಾಕ್ಯ ಕಂಠಪಾಠವಾಗಿರುತ್ತದೆ: ‘ನಿನ್ನ ಮೇಲಿನ ಪ್ರೀತಿ ವಿಶ್ವಾಸದಿಂದ ಈ ಸ್ವತ್ತನ್ನು ದಾನವಾಗಿ ಕೊಟ್ಟಿರುತ್ತೇನೆ.’ ಅದರ ಬೆನ್ನಿಗೇ ಚಕ್ಕುಬಂದಿ, ಅಳತೆ, ಯಾವ ಸಾಲಸೋಲವೂ ಇಲ್ಲವೆಂಬ ಭರವಸೆ. ತಂದೆಯೋ ತಾಯಿಯೋ ಹೆಬ್ಬೆಟ್ಟು ಒತ್ತುತ್ತಾರೆ. ಕೊನೆಗಾಲದವರೆಗೆ ಮಗ ತನ್ನನ್ನು ನೋಡಿಕೊಳ್ಳಬೇಕು ಎಂಬುದು ಅವರ ಮನಸ್ಸಿನಲ್ಲಿ ಇರುತ್ತದೆ, ಪತ್ರದಲ್ಲಿ ಇರುವುದಿಲ್ಲ. ಹೆತ್ತ ಮಗನಿಂದ ಅದನ್ನು ಬರೆಸಿಕೊಳ್ಳಲು ಅವರಿಗೆ ನಾಚಿಕೆ. ನಮ್ಮ ನ್ಯಾಯಾಲಯಗಳು ಇಷ್ಟು ವರ್ಷಗಳಿಂದ ಜಗ್ಗಾಡುತ್ತಿರುವುದು ಬರೆಯದೇ ಉಳಿದ ಆ ಸಾಲಿನ ಮೇಲೆಯೇ.

ಆಸ್ತಿ ಮತ್ತು ಆರೈಕೆ ಒಂದೇ ಗಂಟಿನಲ್ಲಿ ಸೇರಿಕೊಂಡದ್ದು ಇಂದು ನಿನ್ನೆಯ ಮಾತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರ ಎಂಬ ಧರ್ಮಶಾಸ್ತ್ರ ವ್ಯಾಖ್ಯಾನವು ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದಿತು; ಮುದಿ ತಂದೆತಾಯಿಯನ್ನು ಸಲಹುವುದು ಅವನ ಹೊಣೆ ಎಂಬುದು ಧರ್ಮಶಾಸ್ತ್ರಗಳ ಮಾತು. ಹೊಲ ಒಂದೇ, ಒಲೆ ಒಂದೇ ಆಗಿದ್ದಷ್ಟು ಕಾಲ ಯಾರೂ ಅದನ್ನು ಬಾಯಿಬಿಟ್ಟು ಕೇಳಬೇಕಾಗಿರಲಿಲ್ಲ. ಬ್ರಿಟಿಷರ 1898ರ ದಂಡ ಪ್ರಕ್ರಿಯಾ ಸಂಹಿತೆ ಹೆಂಡತಿ ಮತ್ತು ಮಕ್ಕಳಿಗೆ ಜೀವನಾಂಶ ಕೊಡಿಸುತ್ತಿತ್ತು, ತಂದೆತಾಯಿಯ ಹೆಸರನ್ನೇ ಎತ್ತಿರಲಿಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಮಗನೊಂದಿಗೆ ಮಗಳನ್ನೂ ಹೊಣೆ ಮಾಡಿತು. 1973ರ ಹೊಸ ಸಂಹಿತೆಯ 125ನೇ ಕಲಂ ಎಲ್ಲ ಧರ್ಮದ ತಂದೆತಾಯಿಗೂ ಬಾಗಿಲು ತೆರೆಯಿತು, ಆದರೆ ತಿಂಗಳಿಗೆ 500 ರೂಪಾಯಿಯ ಮಿತಿ ಹಾಕಿ. ಆ ಮಿತಿ ಹೋಗಲು 2001ರವರೆಗೆ ಕಾಯಬೇಕಾಯಿತು. ಮದುವೆಯಾಗಿ ಹೋದ ಮಗಳೂ ಸ್ವಂತ ಆದಾಯವಿದ್ದರೆ ಹೆತ್ತವರಿಗೆ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 1987ರಲ್ಲಿ ಹೇಳಿತು. ಕರ್ನಾಟಕ 1994ರಲ್ಲಿ, ಇಡೀ ದೇಶ 2005ರಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟವು. ಆದರೂ ‘ಅಳಿಯನ ಮನೆಯಲ್ಲಿ ಎಷ್ಟು ದಿನ ಅಂತ ಇರುವುದು’ ಎಂಬ ಮುಜುಗರ ಮಾತ್ರ ನಮ್ಮ ಹಿರಿಯರನ್ನು ಇನ್ನೂ ಬಿಟ್ಟಿಲ್ಲ.

ಈ ನಡುವೆ ಬದುಕೇ ಉದ್ದವಾಯಿತು. ಸ್ವಾತಂತ್ರ್ಯದ ಹೊತ್ತಿಗೆ ಸರಾಸರಿ ಆಯಸ್ಸು 32 ವರ್ಷದ ಆಸುಪಾಸಿನಲ್ಲಿತ್ತು, ಈಗ 70ರ ಹತ್ತಿರವಿದೆ. 2011ರ ಜನಗಣತಿಯಲ್ಲಿ ಅರವತ್ತು ದಾಟಿದವರು ದೇಶದಲ್ಲಿ ಸುಮಾರು 10.4 ಕೋಟಿ. ಒಂದೆರಡು ವರ್ಷದ ಹಾಸಿಗೆಯ ಆರೈಕೆಗೆ ಒಗ್ಗಿಕೊಂಡಿದ್ದ ಮನೆಗಳ ಮುಂದೆ ಈಗ ಇಪ್ಪತ್ತು ವರ್ಷಗಳ ಮುಪ್ಪು ಇದೆ. ಮಕ್ಕಳು ಬೆಂಗಳೂರಿನಲ್ಲಿಯೋ ವಿದೇಶದಲ್ಲಿಯೋ ಇದ್ದಾರೆ. ಊರಲ್ಲೇ ಉಳಿದ ಮಕ್ಕಳಿದ್ದರೆ ಒಂದು ತಿಂಗಳು ದೊಡ್ಡವನ ಮನೆ, ಒಂದು ತಿಂಗಳು ಚಿಕ್ಕವನ ಮನೆ ಎಂಬ ಸರದಿ. ಕೆಲವು ಕಡೆ ಅಪ್ಪ ಒಬ್ಬನಲ್ಲಿ, ಅಮ್ಮ ಇನ್ನೊಬ್ಬನಲ್ಲಿ. ಐವತ್ತು ವರ್ಷ ಒಟ್ಟಿಗೆ ಬಾಳಿದವರನ್ನು ಪಾತ್ರೆಪಗಡೆಯಂತೆ ಹಂಚುವುದನ್ನು ನಾವು ಇಷ್ಟು ಸಹಜವಾಗಿ ಒಪ್ಪಿಕೊಂಡೆವಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

2007ರ ಡಿಸೆಂಬರ್‌ನಲ್ಲಿ ಬಂದದ್ದು ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ. ಮಕ್ಕಳು ಪೋಷಿಸಬೇಕಾದದ್ದು ಹೆತ್ತವರು ‘ಸಾಮಾನ್ಯ ಜೀವನ’ ನಡೆಸುವಂತೆ ಎಂದು ಅದು ಹೇಳುತ್ತದೆ. ಊಟ, ಬಟ್ಟೆ, ವಸತಿ, ಔಷಧೋಪಚಾರ ಇವೆಲ್ಲ ಅದರೊಳಗೆ ಬರುತ್ತವೆ. ಕರ್ನಾಟಕದಲ್ಲಿ ಉಪವಿಭಾಗಾಧಿಕಾರಿ, ಅಂದರೆ ಜನರ ಬಾಯಲ್ಲಿ ‘ಎ.ಸಿ. ಸಾಹೇಬರು’, ಇದರ ನ್ಯಾಯಮಂಡಳಿಯ ಅಧ್ಯಕ್ಷರು. ಮಧ್ಯಂತರ ಪೋಷಣೆಯ ಅರ್ಜಿಯನ್ನು 90 ದಿನಗಳಲ್ಲಿ ಮುಗಿಸಬೇಕು. ರಾಜ್ಯಗಳು ನಿಗದಿಪಡಿಸಬಹುದಾದ ಗರಿಷ್ಠ ಮೊತ್ತ ತಿಂಗಳಿಗೆ 10,000 ರೂಪಾಯಿ. ಹಿರಿಯರನ್ನು ತೊರೆದರೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಇಂಥ ಒಂದು ವಿಚಾರಣೆಯಲ್ಲಿ ಹಿಂದಿನ ಬೆಂಚಿನಲ್ಲಿ ನಾನು ಕುಳಿತಿದ್ದೆ. ಎಂಬತ್ತರ ಹತ್ತಿರದ ತಾಯಿ, ಪಕ್ಕದಲ್ಲಿ ತಲೆತಗ್ಗಿಸಿದ ಮಗ. ‘ತಿಂಗಳಿಗೆ ಎಷ್ಟು ಕೊಟ್ಟರೆ ಸಾಕಮ್ಮ?’ ಎಂದು ಅಧಿಕಾರಿ ಮೆತ್ತಗೆ ಕೇಳಿದರು. ಆಕೆಗೆ ಪ್ರಶ್ನೆಯೇ ಹಿಡಿಸಲಿಲ್ಲ. ‘ನನ್ನ ಮಂಚ ಹಿತ್ತಲ ಕೋಣೆಗೆ ಹಾಕಿದ್ದಾರೆ ಸ್ವಾಮಿ. ಅದನ್ನು ನಡುಮನೆಗೆ ತಂದು ಹಾಕಿಸಿ. ಯಾರು ಬಂದರು, ಯಾರು ಹೋದರು ಎಂದು ಕಾಣಬೇಕು’ ಎಂದರು. ಮಗ ಅಲ್ಲಿಯೇ ಬಿಕ್ಕಿದ. ಎರಡು ಕೋಣೆಯ ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳಿಗೆ ಓದಲು ಜಾಗವಿರಲಿಲ್ಲ ಎಂಬುದು ಅವನ ಕಡೆಯ ಸತ್ಯ. ಆದೇಶದಲ್ಲಿ ಔಷಧಕ್ಕೆಂದು ಒಂದು ಮೊತ್ತ ಬರೆದು ತಾಯಿಯ ಖಾತೆಗೆ ಜಮಾ ಮಾಡಲು ಸೂಚಿಸಲಾಯಿತು. ಮಂಚದ ವಿಚಾರ ಅದರಲ್ಲಿ ಬರಲಿಲ್ಲ.

ಕಾಯ್ದೆಯ ಅತ್ಯಂತ ಹರಿತವಾದ ಭಾಗ 23ನೇ ಕಲಂ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ನೋಡಿಕೊಳ್ಳದಿದ್ದರೆ ಆ ವರ್ಗಾವಣೆಯನ್ನು ವಂಚನೆ, ಬಲವಂತ ಅಥವಾ ಅನುಚಿತ ಪ್ರಭಾವದಿಂದ ಆದದ್ದೆಂದು ಭಾವಿಸಿ ರದ್ದು ಮಾಡಬಹುದು. ಹೆತ್ತವರು ಬದುಕಿರುವಾಗಲೇ ಯಾಕೆ ಬರೆದುಕೊಡುತ್ತಾರೆ ಎಂದು ಕೇಳುವವರಿದ್ದಾರೆ. ಉಯಿಲು ಜಾರಿಗೆ ಬರುವುದು ಸತ್ತ ಮೇಲೆ. ಮಗನಿಗೆ ಮನೆ ಕಟ್ಟುವ ಸಾಲಕ್ಕೆ ಆಸ್ತಿಯ ಖಾತೆ ಇವತ್ತೇ ಅವನ ಹೆಸರಿನಲ್ಲಿ ಬೇಕು. ಕುಟುಂಬದೊಳಗಿನ ದಾನಕ್ಕೆ ಮುದ್ರಾಂಕ ಶುಲ್ಕವೂ ಹಗುರ. ಎಲ್ಲಕ್ಕಿಂತ ಹೆಚ್ಚಾಗಿ, ತಾವು ಕಣ್ಣು ಮುಚ್ಚುವ ಮೊದಲು ಮಕ್ಕಳ ನಡುವೆ ಜಗಳ ಬೇಡ ಎಂಬ ಆಸೆ.

ತೊಡಕು ‘ಷರತ್ತು’ ಎಂಬ ಪದದಲ್ಲಿತ್ತು. ಪ್ರೀತಿ ವಿಶ್ವಾಸದಿಂದ ಕೊಟ್ಟೆ ಎಂದರೆ ನೋಡಿಕೊಳ್ಳಬೇಕೆಂಬ ಷರತ್ತು ಅದರಲ್ಲೇ ಅಡಗಿದೆ ಎಂದು ಕೆಲವು ನ್ಯಾಯಾಲಯಗಳು ಹೇಳಿದವು, ಇಲ್ಲವೆಂದು ಇನ್ನು ಕೆಲವು. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಷರತ್ತು ಇತ್ತೆಂದು ಸಾಬೀತಾಗಲೇಬೇಕು ಎಂದಿತು. 2025ರ ಜನವರಿ 2ರಂದು ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಇದು ಹಿರಿಯರ ಹಿತಕ್ಕಾಗಿ ಮಾಡಿದ ಕಾಯ್ದೆ, ಉದಾರವಾಗಿ ಓದಬೇಕು ಎಂದು ದಾನಪತ್ರವನ್ನು ರದ್ದುಪಡಿಸಿತು. ಆದರೆ ಅಲ್ಲಿ ನೋಡಿಕೊಳ್ಳುವ ಮಾತು ಕಾಗದದ ಮೇಲಿತ್ತು. ಕೇವಲ ನಂಬಿಕೆಯ ಮೇಲೆ ಬರೆದುಕೊಟ್ಟವರು ಈಗಲೂ ಅಲೆಯುತ್ತಿದ್ದಾರೆ.

ಇನ್ನೊಂದು ಗಂಟು ಸೊಸೆಯದು. ಗಂಜಿ ಕಾಯಿಸುವುದು, ಮಾತ್ರೆ ಕೊಡುವುದು, ರಾತ್ರಿ ಎರಡು ಗಂಟೆಗೆ ಎದ್ದು ಹಾಸಿಗೆ ಬದಲಿಸುವುದು ಬಹುಪಾಲು ಮನೆಗಳಲ್ಲಿ ಅವಳೇ. ಕಾಯ್ದೆಯ ‘ಮಕ್ಕಳು’ ಎಂಬ ವ್ಯಾಖ್ಯೆಯಲ್ಲಿ ಮಗ, ಮಗಳು, ವಯಸ್ಸಿಗೆ ಬಂದ ಮೊಮ್ಮಕ್ಕಳು ಇದ್ದಾರೆ, ಅವಳಿಲ್ಲ. 2019ರ ತಿದ್ದುಪಡಿ ಮಸೂದೆ ಸೊಸೆ ಮತ್ತು ಅಳಿಯನನ್ನು ಸೇರಿಸಿ 10,000 ರೂಪಾಯಿಯ ಮಿತಿಯನ್ನೂ ತೆಗೆಯಲು ಹೊರಟಿತ್ತು. 2024ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಅದೂ ಬಿದ್ದುಹೋಯಿತು. ಇತ್ತ ಮಗನನ್ನು ಮನೆ ಬಿಡಿಸುವ ಅರ್ಜಿಗಳು ಎಷ್ಟೋ ಬಾರಿ ಸೊಸೆಯನ್ನು ಬೀದಿಗೆ ತರುವ ದಾರಿಯಾದವು. 2020ರಲ್ಲಿ ಬೆಂಗಳೂರಿನದೇ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಅವಳಿಗೆ ಕೊಟ್ಟ ವಾಸದ ಹಕ್ಕನ್ನು ಹಿರಿಯರ ಕಾಯ್ದೆಯ ನೆಪದಲ್ಲಿ ಕಸಿಯಲಾಗದು ಎಂದಿತು. ಅದು ಸರಿಯಾದ ತೀರ್ಪು ಎಂದೇ ನನ್ನ ಭಾವನೆ. ಕೆಲಸವೆಲ್ಲ ಅವಳದು, ಹಕ್ಕು ಮಾತ್ರ ಇನ್ನೊಬ್ಬರದು ಎಂದರೆ ಯಾವ ಮನೆ ನಿಲ್ಲುತ್ತದೆ?

ಕಳೆದ ವರ್ಷ ನಮ್ಮ ಸೋದರತ್ತೆ ಮಗನ ಹೆಸರಿಗೆ ಮನೆ ಬರೆದುಕೊಡಲು ಹೊರಟಾಗ ಆ ಸಾಲು ಇರಲೇಬೇಕೆಂದು ನಾನು ಹಟ ಹಿಡಿದೆ. ‘ಜೀವಿತಾವಧಿಯವರೆಗೆ ನಡುಮನೆಯ ಪಕ್ಕದ ಕೋಣೆಯಲ್ಲಿ ವಾಸ, ಊಟ, ಔಷಧೋಪಚಾರ, ತಪ್ಪಿದಲ್ಲಿ ಈ ದಾನ ರದ್ದು’ ಎಂದು ಬರಹಗಾರರು ಓದಿದಾಗ ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಮಗನಿಗೆ ಸಿಟ್ಟು ಬಂದಿತ್ತು; ಎರಡು ದಿನದಿಂದ ನನ್ನೊಡನೆ ಮಾತು ಬಿಟ್ಟಿದ್ದ. ಆದರೂ ಸಹಿ ಹಾಕಿದ. ನೋಂದಣಿ ಮುಗಿಸಿ ಎದುರಿನ ಹೋಟೆಲಿನಲ್ಲಿ ಕುಳಿತೆವು. ಅತ್ತೆ ಬಾಯಿ ತೆರೆಯುವ ಮೊದಲೇ ‘ಅಮ್ಮನ ಕಾಫಿಗೆ ಸಕ್ಕರೆ ಹಾಕಬೇಡಿ’ ಎಂದು ಅವನೇ ಮಾಣಿಗೆ ಹೇಳಿದ.