ದೇವಿಮನೆ ಘಟ್ಟದಲ್ಲಿ ಬೆವರು ಏಕೆ ಆರುವುದಿಲ್ಲ?

ಕುಮಟಾದಿಂದ ಶಿರಸಿಯತ್ತ ಗೆಳೆಯರ ಜೊತೆ ಸೈಕಲ್ ತುಳಿಯುವವರೆಲ್ಲ ಗಮನಿಸಿರುವ ಸಂಗತಿಯೊಂದಿದೆ. ಕತಗಾಲದವರೆಗಿನ ದಾರಿಯಲ್ಲಿ, ವೇಗವಾಗಿ ಸಾಗುತ್ತಿರುವಷ್ಟು ಹೊತ್ತು, ಮೈ ತೀರಾ ಒದ್ದೆಯಾದಂತೆ ತೋರುವುದಿಲ್ಲ. ಚಹಾ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿದ ಒಂದೆರಡು ನಿಮಿಷಗಳಲ್ಲಿಯೇ ಹಣೆ, ಕುತ್ತಿಗೆ, ಬೆನ್ನುಗಳಿಂದ ಬೆವರು ಧಾರೆಯಾಗಿ ಇಳಿಯತೊಡಗುತ್ತದೆ. ಆಗ ಜೊತೆಯಲ್ಲಿರುವ ಯಾರಾದರೊಬ್ಬರು "ಈಗ ನೋಡು, ಸರಿಯಾಗಿ ಬೆವರು ಬಂತು" ಎಂದು ಸಂತೋಷಪಡುತ್ತಾರೆ. ಬೆವರು ಅದಕ್ಕೂ ಮೊದಲೇ, ದಾರಿಯುದ್ದಕ್ಕೂ, ಬರುತ್ತಲೇ ಇತ್ತು. ಬಂದಂತೆಲ್ಲ ಆರಿಹೋಗುತ್ತಿದ್ದುದರಿಂದ ಕಾಣುತ್ತಿರಲಿಲ್ಲ, ಅಷ್ಟೆ. ಮೈಯನ್ನು ತಂಪಾಗಿಟ್ಟದ್ದು ಹಾಗೆ ಕಾಣದೆ ಹೋದ ಬೆವರು. ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ದೇಹಕ್ಕೆ ನೀರಿನ ಮತ್ತು ಉಪ್ಪಿನ ನಷ್ಟವಾಗುತ್ತದೆಯೇ ಹೊರತು ತಂಪು ದೊರೆಯುವುದಿಲ್ಲ. ಈ ಒಂದು ಮಾತು ಮನಸ್ಸಿಗೆ ಹತ್ತಿದರೆ, ನಮ್ಮ ಕರಾವಳಿಯಲ್ಲಿ ಯಾವಾಗ ಹೊರಡಬೇಕು, ಹೇಗೆ ತುಳಿಯಬೇಕು, ಏನು ಕುಡಿಯಬೇಕು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ತಾನಾಗಿ ಸಿಗುತ್ತದೆ.

ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಪೆಡಲಿಗೆ ತಲುಪುವುದು ಶೇಕಡಾ 20ರಿಂದ 25ರಷ್ಟು ಮಾತ್ರ, ಉಳಿದದ್ದು ಶಾಖವಾಗುತ್ತದೆ. ಪೆಡಲಿಗೆ 130 ವ್ಯಾಟ್ ಕೊಡುತ್ತಿರುವ ಸವಾರನ ಮೈಯಲ್ಲಿ ಸುಮಾರು 450 ವ್ಯಾಟ್ ಶಾಖ ಹುಟ್ಟುತ್ತಿರುತ್ತದೆ. ಒಂದು ಗ್ರಾಂ ಬೆವರು ಚರ್ಮದ ಮೇಲೆ ಆವಿಯಾಗಲು ಸುಮಾರು 2,400 ಜೂಲ್ ಶಾಖ ಬೇಕು. ದ್ರವದೊಳಗಿನ ಅಣುಗಳು ಪರಸ್ಪರ ಸೆಳೆತದಿಂದ ಬಿಡಿಸಿಕೊಂಡು ಗಾಳಿಗೆ ಸೇರಲು ಇಷ್ಟು ಶಕ್ತಿಯ ಅಗತ್ಯವಿದೆ, ಆ ಶಕ್ತಿಯ ಬಹುಪಾಲನ್ನು ಅವು ಚರ್ಮದಿಂದಲೇ ಪಡೆಯುತ್ತವೆ. ಹೀಗಾಗಿ 450 ವ್ಯಾಟ್ ಶಾಖವನ್ನು ಬೆವರಿನಿಂದಲೇ ಕಳೆಯಬೇಕಾದರೆ ಗಂಟೆಗೆ 670 ಗ್ರಾಂ ಬೆವರು ಪೂರ್ತಿಯಾಗಿ ಆರಬೇಕು. ಬೆವರನ್ನು ಹೊರಹಾಕುವುದು ಇಪ್ಪತ್ತರಿಂದ ನಲವತ್ತು ಲಕ್ಷ ಗ್ರಂಥಿಗಳಿರುವ ದೇಹಕ್ಕೆ ಕಷ್ಟವಲ್ಲ, ಗಂಟೆಗೆ ಒಂದು ಲೀಟರಿಗೂ ಹೆಚ್ಚು ಬೆವರನ್ನು ಅದು ಸುಲಭವಾಗಿ ಸುರಿಸಬಲ್ಲದು. ಆದರೆ ಅದನ್ನು ಆರಿಸುವ ಹೊಣೆ ದೇಹದ್ದಲ್ಲ, ಹೊರಗಿನ ಗಾಳಿಯದು.

ಗೋಕರ್ಣಕ್ಕೆ ಹೋಗುವ ದಾರಿಯಲ್ಲಿ ಸಾಣಿಕಟ್ಟಾದ ಉಪ್ಪಿನ ಆಗರಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಘನಾಶಿನಿಯ ಅಳಿವೆಯ ಉಪ್ಪುನೀರನ್ನು ಮಡಿಗಳಿಗೆ ಹಾಯಿಸಿದ ಮಾತ್ರಕ್ಕೆ ಉಪ್ಪು ಕೂಡುವುದಿಲ್ಲ; ಬಿಸಿಲು, ಒಣಹವೆ, ಬೀಸುಗಾಳಿ ಮೂರೂ ಒದಗಬೇಕು. ಮಳೆಗಾಲದಲ್ಲಿ ನೀರಿಗೆ ಬರವಿಲ್ಲ, ಆದರೆ ಉಪ್ಪಿನ ಕೆಲಸ ನಡೆಯುವುದಿಲ್ಲ. ಸವಾರನ ಚರ್ಮವೂ ಅಂಥದೇ ಒಂದು ಉಪ್ಪಿನ ಮಡಿ. ಸವಾರಿ ಮುಗಿದ ಮೇಲೆ ಅಂಗಿಯ ಬೆನ್ನಿನಲ್ಲಿ ಉಳಿಯುವ ಬಿಳಿಯ ಗೆರೆಗಳು ಅಲ್ಲಿ ನೀರು ನಿಜವಾಗಿಯೂ ಆರಿತೆಂಬುದಕ್ಕೆ ಸಾಕ್ಷಿ.

ಇದನ್ನು ಪ್ರಯೋಗದಿಂದ ತೋರಿಸಿದ ಕಥೆ ಸೊಗಸಾಗಿದೆ. 1774ರಲ್ಲಿ ಲಂಡನ್ನಿನ ವೈದ್ಯ ಜಾರ್ಜ್ ಫೋರ್ಡೈಸ್ ಒಲೆಗಳಿಂದ ವಿಪರೀತ ಕಾಯಿಸಿದ ಕೋಣೆಗಳನ್ನು ಸಿದ್ಧಪಡಿಸಿದ್ದರು. ಚಾರ್ಲ್ಸ್ ಬ್ಲ್ಯಾಗ್ಡನ್, ಜೋಸೆಫ್ ಬ್ಯಾಂಕ್ಸ್, ಡೇನಿಯಲ್ ಸೊಲಾಂಡರ್ ಮೊದಲಾದವರು ಒಬ್ಬೊಬ್ಬರಾಗಿ, ಕೆಲವೊಮ್ಮೆ ಒಟ್ಟಾಗಿ, ಅವುಗಳ ಒಳಗೆ ಹೋಗಿ ನಿಂತರು. ಒಮ್ಮೆಯಂತೂ ಕೋಣೆಯ ತಾಪಮಾನ ಸುಮಾರು 127 ಡಿಗ್ರಿ ಸೆಲ್ಸಿಯಸ್‌ಗೆ ಏರಿತ್ತು. ಅದೇ ಗಾಳಿಯಲ್ಲಿಟ್ಟ ಮೊಟ್ಟೆಗಳು ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಗಟ್ಟಿಯಾಗಿ ಬೆಂದವು, ಒಳಗೆ ಹೋದ ಮನುಷ್ಯರು ಮಾತ್ರ ಆರೋಗ್ಯವಾಗಿ ಹೊರಬಂದರು. ಬ್ಲ್ಯಾಗ್ಡನ್ ಅಷ್ಟಕ್ಕೆ ತೃಪ್ತರಾಗದೆ ಕೋಣೆಯಲ್ಲಿ ನೀರಿನ ಪಾತ್ರೆಗಳನ್ನೂ ಇಡಿಸಿದರು. ತೆರೆದ ಪಾತ್ರೆಯ ನೀರು, ಸುತ್ತಲಿನ ಗಾಳಿ ಕುದಿಯುವ ಬಿಂದುವನ್ನು ಮೀರಿದ್ದರೂ, ಒಂದೂವರೆ ಗಂಟೆಯ ಬಳಿಕ ಸುಮಾರು 60 ಡಿಗ್ರಿಯಲ್ಲಿತ್ತು, ಅದಕ್ಕಿಂತ ಹೆಚ್ಚು ಕಾಯಲು ಒಪ್ಪಲಿಲ್ಲ. ಅದರ ಮೇಲೆ ಸ್ವಲ್ಪ ಎಣ್ಣೆ ಬಿಟ್ಟು ಆವಿಯ ದಾರಿಯನ್ನು ಮುಚ್ಚಿದಾಗ ಅದೇ ನೀರು ಕೊನೆಗೆ ಕೊತಕೊತ ಕುದಿಯಿತು. ಆವಿಯಾಗುವಿಕೆಗೆ ಇರುವ ಬಲವನ್ನು ಇದಕ್ಕಿಂತ ಸರಳವಾಗಿ ತೋರಿಸಿದ ಪ್ರಯೋಗವನ್ನು ನಾನು ಬೇರೆಲ್ಲೂ ಕಂಡಿಲ್ಲ. ಬ್ಲ್ಯಾಗ್ಡನ್ ಅವರ ವರದಿ 1775ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಲಂಡನ್ನಿನ ಆ ಕೋಣೆಯ ಗಾಳಿ ಒಣಗಿತ್ತು, ನಮ್ಮದು ಹಾಗಲ್ಲ. ಇಲ್ಲಿಯೇ ಬಹುಪಾಲು ಸವಾರರು ತಪ್ಪು ಲೆಕ್ಕ ಹಾಕುತ್ತಾರೆ. ಮೊಬೈಲಿನಲ್ಲಿ ಬೆಳಗಿನ ತೇವಾಂಶ ಶೇಕಡಾ 95, ಮಧ್ಯಾಹ್ನದ್ದು ಶೇಕಡಾ 65 ಎಂದಿರುವುದನ್ನು ನೋಡಿ, ಮಧ್ಯಾಹ್ನ ಬೆವರು ಬೇಗ ಆರುತ್ತದೆ ಎಂದು ತಿಳಿಯುತ್ತಾರೆ. ಈ ಶೇಕಡಾವಾರು ಅಂಕಿ ಹೇಳುವುದು, ಗಾಳಿ ಆ ತಾಪಮಾನದಲ್ಲಿ ಹಿಡಿದಿಟ್ಟುಕೊಳ್ಳಬಹುದಾದ ಗರಿಷ್ಠ ಆವಿಯ ಎಷ್ಟು ಭಾಗ ಅದರಲ್ಲಿ ಈಗಾಗಲೇ ಇದೆ ಎಂಬುದನ್ನು ಮಾತ್ರ; ತಾಪಮಾನ ಏರಿದಂತೆ ಆ ಗರಿಷ್ಠ ಪ್ರಮಾಣವೂ ಬಹಳ ಬೇಗ ಹೆಚ್ಚುತ್ತದೆ. ಬೆವರು ಆರುವುದು ಚರ್ಮದ ಮೇಲಿನ ಆವಿಯ ಒತ್ತಡಕ್ಕೂ ಗಾಳಿಯಲ್ಲಿನ ಆವಿಯ ಒತ್ತಡಕ್ಕೂ ಇರುವ ಅಂತರದಿಂದ. ಒದ್ದೆಯಾದ ಚರ್ಮ 35 ಡಿಗ್ರಿಯಲ್ಲಿದ್ದರೆ ಅಲ್ಲಿನ ಒತ್ತಡ 5.6 ಕಿಲೋಪ್ಯಾಸ್ಕಲ್. ಬೆಳಗ್ಗೆ 22 ಡಿಗ್ರಿ, ಶೇಕಡಾ 95 ತೇವಾಂಶ ಇರುವ ಗಾಳಿಯಲ್ಲಿ ಅದು 2.5, ಅಂತರ 3.1. ಮಧ್ಯಾಹ್ನ 33 ಡಿಗ್ರಿ, ಶೇಕಡಾ 65 ಇದ್ದರೆ ಗಾಳಿಯಲ್ಲಿ 3.3, ಅಂತರ 2.3 ಮಾತ್ರ. ಅಂದರೆ ಮಂಜು ಮುಸುಕಿದ ಬೆಳಗಿನ ಗಾಳಿಯೇ ಬೆವರನ್ನು ಮೂರನೆಯ ಒಂದು ಭಾಗದಷ್ಟು ಹೆಚ್ಚು ಚುರುಕಾಗಿ ಆರಿಸುತ್ತದೆ. ಬಿಸಿಲಿನ ಹೊರೆ ಇನ್ನೂ ಬಿದ್ದಿರುವುದಿಲ್ಲ ಎಂಬುದು ಮೇಲಿನ ಲಾಭ. ಘಟ್ಟ ಹತ್ತಿ, ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದ ಶಿರಸಿಯಲ್ಲಿ 26 ಡಿಗ್ರಿ, ಶೇಕಡಾ 60 ಇರುವ ಹವೆ ಸಿಕ್ಕರೆ ಅಂತರ 3.6ಕ್ಕೆ ಏರುತ್ತದೆ. ಅಲ್ಲಿ ಹಾಯೆನಿಸುವುದಕ್ಕೆ ಇದೇ ಕಾರಣ.

ಅಲ್ಲಿಗೆ ತಲುಪುವ ಮೊದಲು ಘಟ್ಟವನ್ನು ದಾಟಬೇಕಷ್ಟೆ. ಸವಾರ ಮತ್ತು ಸೈಕಲ್ ಸೇರಿ 85 ಕಿಲೋ ತೂಕವಿದೆ ಎಂದುಕೊಳ್ಳೋಣ. ಸಮತಟ್ಟಿನಲ್ಲಿ ಸುಮಾರು 130 ವ್ಯಾಟ್ ಶಕ್ತಿಗೆ ಗಂಟೆಗೆ 26 ಕಿಲೋಮೀಟರ್ ವೇಗ ಸಿಗುತ್ತದೆ. ನೂರು ಮೀಟರಿಗೆ ಆರು ಮೀಟರ್ ಏರುವ ದಾರಿಯಲ್ಲಿ ಅಷ್ಟೇ ಶಕ್ತಿಗೆ ಒಂಬತ್ತು ಕಿಲೋಮೀಟರ್ ದಾಟುವುದೂ ಕಷ್ಟ. ದೇಹದಲ್ಲಿ ಹುಟ್ಟುವ ಶಾಖ ಎರಡೂ ಕಡೆ ಒಂದೇ, ಆದರೆ ನಮ್ಮ ವೇಗದಿಂದಲೇ ಉಂಟಾಗುತ್ತಿದ್ದ ಗಾಳಿ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ, ಬೆವರನ್ನು ಆರಿಸುವ ಅದರ ಸಾಮರ್ಥ್ಯ ಹೆಚ್ಚುಕಡಿಮೆ ಅರ್ಧಕ್ಕೆ ಕುಸಿಯುತ್ತದೆ. ದಟ್ಟ ಕಾಡಿನ ನಡುವಿನ ದಾರಿಯಾದ್ದರಿಂದ ಹೊರಗಿನ ಗಾಳಿಯೂ ಕಡಿಮೆ. ದೇವಿಮನೆಯ ತಿರುವುಗಳಲ್ಲಿ ಹ್ಯಾಂಡಲ್ ಮೇಲೆ ಬೆವರು ಟಪಟಪ ಬೀಳುವುದು ಶ್ರಮ ಹೆಚ್ಚಿದ್ದರಿಂದಲೇ ಆಗಬೇಕೆಂದಿಲ್ಲ, ಗಾಳಿ ನಿಂತದ್ದೇ ಅದಕ್ಕೆ ಸಾಕು.

ಗೆಳೆಯರ ಗುಂಪು ಸಾಗುವ ಕ್ರಮಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ. ಹೆದ್ದಾರಿಯ ಸಮತಟ್ಟಿನಲ್ಲಿ ಒಬ್ಬರ ಹಿಂದೆ ಒಬ್ಬರು ಸಾಗುವುದು ಜಾಣತನ, ಏಕೆಂದರೆ 26 ಕಿಲೋಮೀಟರ್ ವೇಗದಲ್ಲಿ ಶ್ರಮದ ಹೆಚ್ಚಿನ ಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ, ಮುಂದಿನವರು ಅದರಲ್ಲಿ ಒಂದು ಭಾಗವನ್ನು ಹಿಂದಿನವರಿಗೆ ಉಳಿಸಿಕೊಡುತ್ತಾರೆ. ಘಟ್ಟದಲ್ಲಿ ಗಾಳಿಯ ತಡೆಗೆ ವೆಚ್ಚವಾಗುವುದು 130 ವ್ಯಾಟ್‌ಗಳಲ್ಲಿ ನಾಲ್ಕು ಮಾತ್ರ. ಅಲ್ಲಿ ಮುಂದಿನವರ ಚಕ್ರಕ್ಕೆ ಅಂಟಿಕೊಂಡು ಹೋದರೆ ಉಳಿತಾಯವೇನೂ ಇಲ್ಲ, ಮೈಗೆ ತಾಗಬೇಕಾದ ಸ್ವಲ್ಪ ಗಾಳಿಗೂ ಅಡ್ಡಿ. ಬಲವಾಗಿ ತುಳಿಯುವವರ ವೇಗಕ್ಕೆ ಸರಿಗಟ್ಟಲು ಹೋಗುವ ದುರ್ಬಲ ಸವಾರನ ಮೈಯಲ್ಲಿ ಶಾಖ ಮಾತ್ರ ಏರುತ್ತ ಹೋಗುತ್ತದೆ. ಕತಗಾಲದಲ್ಲಿಯೇ ಗುಂಪನ್ನು ಬಿಡಿಸಿ, ಅವರವರ ಹದದಲ್ಲಿ ಹತ್ತಿ, ದೇವಿಮನೆಯಲ್ಲಿ ಮತ್ತೆ ಸೇರುವುದೇ ಸರಿಯಾದ ಕ್ರಮ.

ಗಾಳಿ ನಿಂತರೆ ಮಿತಿ ಎಷ್ಟು ಕೆಳಗಿಳಿಯುತ್ತದೆ ಎಂಬುದನ್ನು ಬ್ರಿಟಿಷ್ ಶರೀರಶಾಸ್ತ್ರಜ್ಞ ಜಾನ್ ಸ್ಕಾಟ್ ಹಾಲ್ಡೇನ್ 1905ರಲ್ಲಿಯೇ ಬರೆದಿಟ್ಟರು. ಗಣಿಗಳಂಥ ಬಿಸಿಯಾದ ಜಾಗಗಳನ್ನು ಅಧ್ಯಯನ ಮಾಡಿದ ಅವರು, ಸಾಮಾನ್ಯ ತಾಪಮಾಪಕಕ್ಕಿಂತ ಬುಡಕ್ಕೆ ಒದ್ದೆಬಟ್ಟೆ ಸುತ್ತಿದ ತಾಪಮಾಪಕದ ಅಂಕಿಯೇ ಮುಖ್ಯವೆಂದು ತೋರಿಸಿದರು. ಅದು ಸುಮಾರು 31 ಡಿಗ್ರಿ ದಾಟಿದರೆ, ನಿಶ್ಚಲ ಗಾಳಿಯಲ್ಲಿ ಸುಮ್ಮನೆ ಕುಳಿತವರ ಮೈಯೂ ಕಾಯತೊಡಗುತ್ತದೆ. ದುಡಿಯುವವರಿಗೆ ಈ ಮಿತಿ ಇನ್ನೂ ಬಹಳ ಕೆಳಗೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಾರವಾರದಿಂದ ಭಟ್ಕಳದವರೆಗೆ ಹಗಲಿನಲ್ಲಿ ಸೈಕಲ್ ತುಳಿಯುವವರು ಇದನ್ನು ನೆನಪಿಡಬೇಕು.

ಇಷ್ಟಾದರೂ ಬೆವರು ಸುರಿದಷ್ಟು ಕೊಬ್ಬು ಕರಗುತ್ತದೆಂದು ನಂಬಿ, ಬಿಸಿಲಿನಲ್ಲಿ ಪ್ಲಾಸ್ಟಿಕ್ ಅಂಗಿ ತೊಟ್ಟು ತುಳಿಯುವವರಿದ್ದಾರೆ. ಇದು ನನ್ನನ್ನು ನಿಜಕ್ಕೂ ಚಿಂತೆಗೀಡುಮಾಡುತ್ತದೆ. ಬ್ಲ್ಯಾಗ್ಡನ್ ನೀರಿನ ಮೇಲೆ ಎಣ್ಣೆ ಬಿಟ್ಟು ಮಾಡಿದ್ದನ್ನೇ ಅವರು ತಮ್ಮ ಮೈಯ ಮೇಲೆ ಮಾಡಿಕೊಳ್ಳುತ್ತಿದ್ದಾರೆ. ಉರಿದ ಕೊಬ್ಬಿನ ತೂಕದಲ್ಲಿ ಶೇಕಡಾ 84ರಷ್ಟು ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನ ಮೂಲಕ ಹೊರಹೋಗುತ್ತದೆ. ಸವಾರಿಯ ನಂತರ ತಕ್ಕಡಿಯಲ್ಲಿ ಕಡಿಮೆಯಾಗಿ ಕಾಣುವ ತೂಕ ಬಹುಮಟ್ಟಿಗೆ ನೀರು. ಬೆವರಿದಾಗ ನೀರು ಕುಡಿಯಬಾರದೆಂಬ ಮಾತಿಗೂ ಆಧಾರವಿಲ್ಲ. ಒಂದು ಲೀಟರ್ ಬೆವರಿನಲ್ಲಿ, ವ್ಯಕ್ತಿಯನ್ನು ಅವಲಂಬಿಸಿ, ಒಂದರಿಂದ ನಾಲ್ಕು ಗ್ರಾಂಗಳಷ್ಟು ಉಪ್ಪು ಹೋಗಿರುತ್ತದೆ. ಗಂಟೆಗಟ್ಟಲೆ ಬೆವರಿದವರು ಬರೀ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದಲ್ಲಿ ಸೋಡಿಯಂ ತೆಳುವಾಗಿ ಅಪಾಯವಾಗಬಹುದು. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಉಪ್ಪು ಹಾಕಿದ ಮಜ್ಜಿಗೆ ಅಥವಾ ಅಪ್ಪೆಹುಳಿ ಈ ಕೆಲಸಕ್ಕೆ ಹೆಚ್ಚು ಒದಗುತ್ತದೆ.

ಜೊತೆಯ ಸವಾರರು ಏರಿನಲ್ಲಿ ತೊದಲತೊಡಗಿದರೆ, ಕೇಳಿದ್ದಕ್ಕೆ ಅಸಂಬದ್ಧವಾಗಿ ಉತ್ತರಿಸಿದರೆ, ಸೈಕಲ್ ವಾಲಿಸತೊಡಗಿದರೆ ಅದನ್ನು ಆಯಾಸವೆಂದು ತಳ್ಳಿಹಾಕಬಾರದು. ದೇಹದೊಳಗಿನ ತಾಪಮಾನ 40 ಡಿಗ್ರಿಯ ಹತ್ತಿರ ಹೋಗಿರಬಹುದು. ಕೂಡಲೇ ನೆರಳಿಗೆ ಕರೆದೊಯ್ದು, ಅಂಗಿ ಸಡಿಲಿಸಿ, ಬಾಟಲಿಯ ನೀರನ್ನೆಲ್ಲ ಮೈಮೇಲೆ ಸುರಿದು, ಕೈಗೆ ಸಿಕ್ಕಿದ್ದರಿಂದ ಬಿಡದೆ ಗಾಳಿ ಬೀಸಬೇಕು ಮತ್ತು ಆಸ್ಪತ್ರೆಗೆ ಸಾಗಿಸುವ ವಾಹನಕ್ಕೆ ಹೇಳಿ ಕಳಿಸಬೇಕು. ವಾಹನ ಬಂದ ಮೇಲೂ, ದಾರಿಯುದ್ದಕ್ಕೂ, ಮೈಯನ್ನು ಒದ್ದೆ ಮಾಡುತ್ತ ಗಾಳಿ ಬೀಸುವುದನ್ನು ನಿಲ್ಲಿಸಬಾರದು.