ಬ್ರಹ್ಮಗಿರಿಯ ವಯಸ್ಸು, ಬಯಲುಸೀಮೆಯ ಮಳೆ

2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿದ್ದಿತು. 1933ರ ನಂತರ ಅದು ತುಂಬಿ ಹರಿದದ್ದು ಅದೇ ಮೊದಲು. ನೀರು ನೋಡಲು ಹೋದವರಲ್ಲಿ ಅನೇಕರು ಆಡಿದ ಮಾತು ಒಂದೇ: ಹಿಂದಿನ ಕಾಲದಲ್ಲಿ ಹೀಗೆಯೇ ಮಳೆಯಾಗುತ್ತಿತ್ತಂತೆ. ಆ 'ಹಿಂದಿನ ಕಾಲ' ಎಷ್ಟು ಹಿಂದಿನದು? ಮಳೆಮಾಪಕದ ಲೆಕ್ಕ ನಮ್ಮನ್ನು ಹೆಚ್ಚೆಂದರೆ ಒಂದೂವರೆ ಶತಮಾನ ಹಿಂದಕ್ಕೆ ಒಯ್ಯುತ್ತದೆ. ಅದಕ್ಕೂ ಆಚಿನ ಮಳೆಯನ್ನು ಅಳೆಯಲು ಉಳಿದಿರುವುದು ಮಣ್ಣು, ಇದ್ದಿಲು, ಸುಟ್ಟ ಕಾಳು ಮತ್ತು ಕೆಸರು. ಅವುಗಳಿಂದ ಮಳೆಯ ಕಥೆ ಕೇಳಬೇಕಾದರೆ ಮೊದಲು ಅವುಗಳ ಕಾಲ ಸರಿಯಾಗಿ ಗೊತ್ತಿರಬೇಕು. ಈ ಕಾಲನಿರ್ಣಯದ ದೊಡ್ಡ ತಿದ್ದುಪಡಿಯೊಂದು ಚಿತ್ರದುರ್ಗ ಜಿಲ್ಲೆಯ ನೆಲದ ಮೇಲೆಯೇ ನಡೆದಿದೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಹೊರಗಿನವರಿಗೆ ಪರಿಚಯವಾದದ್ದು ಅಶೋಕನಿಂದ. 1892ರಲ್ಲಿ ಬಿ.ಎಲ್. ರೈಸ್ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಬಂಡೆಶಾಸನಗಳನ್ನು ಗುರುತಿಸಿದರು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನು, ಅಂದರೆ ರಾಜಕುಮಾರನು, ಇಲ್ಲಿಯ ಇಸಿಲ ಎಂಬ ಊರಿನ ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳಿಗೆ ಕಳುಹಿಸಿದ ಆದೇಶ ಅದು. ಹಾಗಾದರೆ ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಇಲ್ಲಿ ಅಧಿಕಾರಿಗಳಿದ್ದ ಒಂದು ಊರಿತ್ತು. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಆರ್. ನರಸಿಂಹಾಚಾರ್ 1908–09ರಲ್ಲಿಯೇ ನೆಲ ಅಗೆಸಿದ್ದರು. 1929ರಲ್ಲಿ ಎಂ.ಎಚ್. ಕೃಷ್ಣ ಅದನ್ನು ಹೆಚ್ಚು ವ್ಯವಸ್ಥಿತವಾಗಿ ಉತ್ಖನನ ಮಾಡಿದರು. ಮುಂದೆ ಅವರೇ ಬ್ರಹ್ಮಗಿರಿಯಲ್ಲಿಯೂ ಅಗೆದು, ಶಾಸನದ ಕಾಲಕ್ಕಿಂತ ಹಳೆಯ ಬದುಕಿನ ಪದರಗಳು ಅಲ್ಲಿವೆ ಎಂದು ತೋರಿಸಿದರು. ಅವರ ಈ ಕೆಲಸಕ್ಕೆ ಸಿಗಬೇಕಾದಷ್ಟು ಮನ್ನಣೆ ಇಂದಿಗೂ ಸಿಕ್ಕಿಲ್ಲ ಎಂದೇ ನನ್ನ ಭಾವನೆ. 1947ರಲ್ಲಿ ಬಂದ ಮಾರ್ಟಿಮರ್ ವೀಲರ್ ಹೆಸರು ಅಷ್ಟು ದೊಡ್ಡದಾಗಿ ಕೇಳಿಸುತ್ತದೆ.

ವೀಲರ್ ಆಗ ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯ ಮಹಾನಿರ್ದೇಶಕರು. ಬ್ರಹ್ಮಗಿರಿಯಲ್ಲಿ ಅವರು ಮೂರು ಸಂಸ್ಕೃತಿಗಳ ಪದರಗಳನ್ನು ಬೇರ್ಪಡಿಸಿದರು. ತಳದಲ್ಲಿ ಕಲ್ಲಿನ ಕೊಡಲಿಯ ಜನ. ಅದರ ಮೇಲೆ ಕಬ್ಬಿಣ ಬಳಸಿದ, ಸತ್ತವರಿಗೆ ದೊಡ್ಡ ಚಪ್ಪಡಿಗಳ ಗೋರಿ ಕಟ್ಟಿದ ಬೃಹತ್ ಶಿಲಾಯುಗದ ಜನ. ಎಲ್ಲಕ್ಕಿಂತ ಮೇಲೆ ಶಾತವಾಹನರ ಕಾಲ. ಈ ಅನುಕ್ರಮ ಇಂದಿಗೂ ಅಲುಗಾಡಿಲ್ಲ. ಅಲುಗಾಡಿದ್ದು ವರ್ಷಗಳ ಲೆಕ್ಕ.

ಅವರ ಕೈಯಲ್ಲಿದ್ದ ಗಟ್ಟಿ ಆಧಾರ ಒಂದು ಬಗೆಯ ಮಡಕೆ ಚೂರು. ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ 1945ರಲ್ಲಿ ರೋಮನ್ ವಸ್ತುಗಳ ಜೊತೆ ಸಿಕ್ಕಿದ್ದ, ಒಳತಳದಲ್ಲಿ ಸಣ್ಣ ಗೆರೆಗಳ ಸುತ್ತುಗಳಿರುವ ಮಡಕೆ ಬ್ರಹ್ಮಗಿರಿಯ ಮೇಲಿನ ಪದರದಲ್ಲೂ ಸಿಕ್ಕಿತು. ರೋಮನ್ ವ್ಯಾಪಾರದ ಕಾಲ ಗೊತ್ತಿದ್ದುದರಿಂದ ಆ ಪದರ ಕ್ರಿಸ್ತಶಕದ ಮೊದಲ ಶತಮಾನದ್ದು ಎಂದಾಯಿತು. ಅಲ್ಲಿಂದ ಕೆಳಗಿನ ಪದರಗಳ ದಪ್ಪ ನೋಡಿ, ಎಷ್ಟು ವರ್ಷದ ಬದುಕು ಇಷ್ಟು ಮಣ್ಣು ಕೂಡಿಹಾಕೀತು ಎಂದು ಅಂದಾಜಿಸಿ, ವೀಲರ್ ಬೃಹತ್ ಶಿಲಾಯುಗವನ್ನು ಕ್ರಿ.ಪೂ. 200ರ ಸುಮಾರಿಗೆ ಆರಂಭಿಸಿದರು. ಕಲ್ಲಿನ ಕೊಡಲಿಯ ಸಂಸ್ಕೃತಿ ಕ್ರಿ.ಪೂ. ಮೊದಲ ಸಹಸ್ರಮಾನದ ಆರಂಭದಲ್ಲಿ ಹುಟ್ಟಿ ಅಲ್ಲಿಯವರೆಗೂ ಉಳಿದಿತ್ತು ಎಂದರು. ಇದರ ಅರ್ಥವನ್ನು ಯೋಚಿಸಿ ನೋಡಿ: ಅಶೋಕನ ಲಿಪಿಕಾರ ಚಪಡ ಬಂಡೆಯ ಮೇಲೆ ಅಕ್ಷರ ಕೊರೆಯುವಾಗ ಪಕ್ಕದ ಊರಿನವರು ಇನ್ನೂ ಕಲ್ಲು ಮಸೆದು ಕೊಡಲಿ ಮಾಡುತ್ತಿದ್ದರು! ದಕ್ಷಿಣಕ್ಕೆ ಕಬ್ಬಿಣ, ನಾಗರಿಕತೆ ಎಲ್ಲವೂ ತಡವಾಗಿ, ಉತ್ತರದಿಂದ ಬಂದವು ಎಂಬ ನಂಬಿಕೆಗೆ ಈ ಲೆಕ್ಕ ಬಲ ಕೊಟ್ಟಿತು. ಹತ್ತಾರು ವರ್ಷ ಅದೇ ಪಾಠವಾಯಿತು.

ವೀಲರ್ ಅಗೆದ ಎರಡು ವರ್ಷಗಳ ಬಳಿಕ, 1949ರಲ್ಲಿ, ಅಮೆರಿಕದ ವಿಲ್ಲರ್ಡ್ ಲಿಬ್ಬಿ ಮತ್ತು ಸಂಗಡಿಗರು ಇಂಗಾಲ-14 ಕಾಲಮಾಪನವನ್ನು ಪ್ರಕಟಿಸಿದರು. ಜೀವವಿರುವ ಗಿಡ, ಪ್ರಾಣಿ ಗಾಳಿಯಿಂದ ಈ ವಿಕಿರಣಶೀಲ ಇಂಗಾಲವನ್ನು ಪಡೆಯುತ್ತಲೇ ಇರುತ್ತವೆ. ಸತ್ತ ಕ್ಷಣದಿಂದ ಅದು ಕರಗುತ್ತ ಹೋಗಿ 5,730 ವರ್ಷಗಳಲ್ಲಿ ಅರ್ಧವಾಗುತ್ತದೆ. ಅಲ್ಲಿಯವರೆಗೆ ಉತ್ಖನನದಲ್ಲಿ ಕಸವಾಗಿದ್ದ ಇದ್ದಿಲು ಒಮ್ಮೆಗೇ ದಿನಾಂಕದ ಚೀಟಿಯಾಯಿತು. ಭಾರತದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯ 1960ರ ದಶಕದಲ್ಲಿ ಈ ಕೆಲಸ ಕೈಗೆತ್ತಿಕೊಂಡಿತು.

ದಾವಣಗೆರೆ ಜಿಲ್ಲೆಯ ಗಡಿಗೆ ಹತ್ತಿರ, ತುಂಗಭದ್ರೆಯ ದಂಡೆಯಲ್ಲಿರುವ ಹಾವೇರಿ ಜಿಲ್ಲೆಯ ಹಳ್ಳೂರನ್ನು 1965ರಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ಮಾಡಿದರು. ನವಶಿಲಾಯುಗ, ಅಂದರೆ ಕಲ್ಲಿನ ಕೊಡಲಿಯ ಜನರ ಕಾಲ, ಮುಗಿದು ಕಬ್ಬಿಣ ಕಾಣಿಸಿಕೊಳ್ಳುವ ಪದರದ ಇದ್ದಿಲಿನ ಕಾಲ ಕ್ರಿ.ಪೂ. 1000ದ ಸುಮಾರು ಎಂದು ಬಂತು. ಒಂದೇ ಪೆಟ್ಟಿಗೆ ಕಬ್ಬಿಣದ ಆರಂಭ ಎಂಟು ಶತಮಾನ ಹಿಂದಕ್ಕೆ ಸರಿಯಿತು. ಇತರ ನೆಲೆಗಳ ಲೆಕ್ಕವೂ ಸೇರಿ ದಕ್ಷಿಣದ ನವಶಿಲಾಯುಗ ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಹೋಯಿತು. ಬ್ರಹ್ಮಗಿರಿಯ ತಳದ ಪದರವನ್ನೂ ಈಗ ಅದೇ ಬೆಳಕಿನಲ್ಲಿ ಓದಬೇಕಾಗಿದೆ. ವೀಲರ್ ಪದರಗಳನ್ನು ಅಷ್ಟು ಕಟ್ಟುನಿಟ್ಟಾಗಿ ದಾಖಲಿಸದಿದ್ದರೆ ಅವರನ್ನು ತಿದ್ದುವುದೂ ಸಾಧ್ಯವಿರಲಿಲ್ಲ. ಆ ಗೌರವ ಅವರಿಗೆ ಸಲ್ಲಲೇಬೇಕು.

ಇಂಗಾಲದ ಲೆಕ್ಕಕ್ಕೂ ಮಿತಿ ಇದೆ. ಗಾಳಿಯಲ್ಲಿನ ಇಂಗಾಲ-14ರ ಪ್ರಮಾಣ ಎಲ್ಲ ಕಾಲದಲ್ಲೂ ಒಂದೇ ಆಗಿರಲಿಲ್ಲವಾದ್ದರಿಂದ, ಮರದ ಉಂಗುರಗಳೊಂದಿಗೆ ತಾಳೆ ನೋಡಿ ಸರಿಪಡಿಸಬೇಕು. ಕ್ರಿ.ಪೂ. 800ರಿಂದ 400ರ ನಡುವೆ ಈ ತಾಳೆಯ ರೇಖೆ ಹೆಚ್ಚುಕಡಿಮೆ ಸಮತಟ್ಟಾಗುತ್ತದೆ. ಆ ನಾಲ್ಕು ಶತಮಾನಗಳ ಯಾವ ಇದ್ದಿಲು ಕೊಟ್ಟರೂ ಉತ್ತರ ಮಸುಕು. ನಮ್ಮ ಕಲ್ಲುಗೋರಿಗಳ ಕಾಲ ಅನೇಕ ಕಡೆ ಬೀಳುವುದು ಅಲ್ಲಿಯೇ. ಅಂಥಲ್ಲಿ ದೀಪ್ತಿ ಕಾಲಮಾಪನ ನೆರವಿಗೆ ಬರುತ್ತದೆ. ಮಣ್ಣಿನೊಳಗಿನ ಸ್ಫಟಿಕದ ಕಣ ಸುತ್ತಲಿನ ವಿಕಿರಣದ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ. ಬಿಸಿಲು ಅಥವಾ ಬೆಂಕಿ ತಗುಲಿದರೆ ಆ ಸಂಗ್ರಹ ಬರಿದಾಗುತ್ತದೆ. ಕೊಳವೆಯಲ್ಲಿ ಬೆಳಕು ಸೋಂಕದಂತೆ ಮಣ್ಣು ತೆಗೆದು, ಪ್ರಯೋಗಾಲಯದ ಕತ್ತಲಲ್ಲಿ ಆ ಕಣವನ್ನು ಬೆಳಗಿಸಿ ಅಳೆದರೆ, ಅದು ಕೊನೆಯ ಬಾರಿ ಬಿಸಿಲು ಕಂಡದ್ದು ಯಾವಾಗ ಎಂದು ತಿಳಿಯುತ್ತದೆ. ಸುಟ್ಟ ಮಡಕೆಯ ಕಾಲವನ್ನೂ ಹೀಗೆಯೇ ಅಳೆಯಬಹುದು.

ಕಾಲ ಗಟ್ಟಿಯಾದ ಮೇಲೆ ಮಳೆಯ ಪ್ರಶ್ನೆ ಕೇಳಬಹುದು. ಮರಗಳು ಮತ್ತು ಒಣಸೀಮೆಯ ಹುಲ್ಲುಗಳು ಗಾಳಿಯ ಇಂಗಾಲವನ್ನು ಬೇರೆ ಬೇರೆ ವಿಧಾನದಲ್ಲಿ ಬಳಸಿಕೊಳ್ಳುತ್ತವೆ. ಆದ್ದರಿಂದ ಎಲೆಯ ಮೇಣದಲ್ಲಿ ಉಳಿಯುವ, ಕಾಲದೊಂದಿಗೆ ಕರಗದ ಇನ್ನೊಂದು ಬಗೆಯ ಇಂಗಾಲವಾದ ಇಂಗಾಲ-13ರ ಪ್ರಮಾಣ ನೋಡಿದರೆ, ಆ ನೆಲದಲ್ಲಿ ಕಾಡಿತ್ತೋ, ಚಳ್ಳಕೆರೆಯ ಅಮೃತಮಹಲ್ ಕಾವಲಿನಂಥ ಹುಲ್ಲುಗಾವಲಿತ್ತೋ ಎಂಬುದು ಗೊತ್ತಾಗುತ್ತದೆ. ಗೋದಾವರಿ ಸಮುದ್ರ ಸೇರುವಲ್ಲಿ ಬಂಗಾಳ ಕೊಲ್ಲಿಯ ತಳದಿಂದ ತೆಗೆದ ಕೆಸರಿನ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ದಖ್ಖನ್ ಸುಮಾರು 4,000 ವರ್ಷಗಳ ಹಿಂದಿನಿಂದ ಒಣಗುತ್ತ ಬಂದು, ಸುಮಾರು 1,700 ವರ್ಷಗಳ ಹಿಂದೆ ಇನ್ನಷ್ಟು ಒಣಗಿತು ಎಂದು ಅದು ತೋರಿಸಿತು. ಮಹಾರಾಷ್ಟ್ರದ ಲೋಣಾರ್ ಸರೋವರದ ಕೆಸರು ಎರಡು ದೀರ್ಘ ಬರಗಾಲದ ಅವಧಿಗಳನ್ನು ಹೇಳಿತು: 4,600ರಿಂದ 3,900 ವರ್ಷಗಳ ಹಿಂದೆ ಒಮ್ಮೆ, 2,000ದಿಂದ 600 ವರ್ಷಗಳ ಹಿಂದೆ ಮತ್ತೊಮ್ಮೆ.

ಬರ ಬಂತು, ಜನ ಅಳಿದರು ಎಂಬ ಸುಲಭದ ಕಥೆ ಇಲ್ಲಿ ನಿಲ್ಲುವುದಿಲ್ಲ. ದಖ್ಖನ್ ಒಣಗತೊಡಗಿದ ಆ ಕಾಲದಲ್ಲಿಯೇ ನಮ್ಮ ಕಲ್ಲುಗುಡ್ಡಗಳ ನಡುವೆ ಹಳ್ಳಿಗಳು ಹೆಚ್ಚಿದವು. ಕಾರಣವನ್ನು ಅವರ ಒಲೆಯ ಬೂದಿ ಹೇಳುತ್ತದೆ. ಅಗೆದ ಮಣ್ಣನ್ನು ನೀರಿಗೆ ಹಾಕಿ ಕಲಕಿದರೆ ಸುಟ್ಟ ಕಾಳುಗಳು ಮೇಲಕ್ಕೆ ತೇಲುತ್ತವೆ. ಅವನ್ನು ಸಣ್ಣ ಜರಡಿಯಲ್ಲಿ ಹಿಡಿದು ನೆರಳಲ್ಲಿ ಒಣಗಿಸಿ ಸೂಕ್ಷ್ಮದರ್ಶಕದಡಿ ಗುರುತಿಸುತ್ತಾರೆ. ಬಳ್ಳಾರಿ ಪಕ್ಕದ ಸಂಗನಕಲ್ಲು, ತೆಕ್ಕಲಕೋಟೆ, ಹಳ್ಳೂರುಗಳ ಮಣ್ಣಿನಲ್ಲಿ ಪುರಾತತ್ತ್ವಜ್ಞರಾದ ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಹೀಗೆ ಕಂಡುಕೊಂಡ ಮುಖ್ಯ ಬೆಳೆಗಳು ಹುರುಳಿ, ಹೆಸರು ಮತ್ತು ಕೊರಲೆ. ಚಿತ್ರದುರ್ಗ, ತುಮಕೂರು ಸೀಮೆಯ ಕೊರಲೆಯೇ ಅದು. ಸಿರಿಧಾನ್ಯದ ಅಂಗಡಿಯಲ್ಲಿ ಈಗ ಹೊಸದೆಂಬಂತೆ ಮಾರಾಟವಾಗುತ್ತಿದೆ. ಕಡಿಮೆ ಮಳೆಗೆ ಹೊಂದಿಕೊಂಡ ಬೆಳೆಯನ್ನು ಅವರು ನಾಲ್ಕು ಸಾವಿರ ವರ್ಷಗಳಷ್ಟು ಹಿಂದೆಯೇ ಆರಿಸಿಕೊಂಡಿದ್ದರು. ಹಳ್ಳೂರಿನಲ್ಲಿ ರಾಗಿಯೂ ಸಿಕ್ಕಿತ್ತೆಂದು ಮೊದಲು ಹೇಳಲಾಗಿತ್ತು; ಆ ಗುರುತಿಸುವಿಕೆಯನ್ನು ಈಚಿನವರು ಒಪ್ಪುವುದಿಲ್ಲ.

ಚಂದ್ರವಳ್ಳಿಯ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. ನಾಲ್ಕನೆಯ ಶತಮಾನದ ಆ ಬರಹವನ್ನು ಓದಿದ ಎಂ.ಎಚ್. ಕೃಷ್ಣ, ಮಯೂರಶರ್ಮ ಕಟ್ಟಿಸಿದ ತಟಾಕವೊಂದರ ಉಲ್ಲೇಖ ಅದರಲ್ಲಿದೆ ಎಂದರು. ನಾಲ್ಕನೆಯ ಶತಮಾನವೆಂದರೆ ಸುಮಾರು 1,700 ವರ್ಷಗಳ ಹಿಂದೆ. ಗೋದಾವರಿಯ ಕೆಸರು ಒಣಗುವಿಕೆ ಬಿಗಿಯಾಯಿತು ಎನ್ನುವ ಕಾಲ. ಬರಕ್ಕೆ ಉತ್ತರವಾಗಿಯೇ ಕೆರೆ ಕಟ್ಟಿಸಿದ ಎಂದು ಹೇಳಿಬಿಡುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ ಗೋದಾವರಿ ಬೇರೆ ಜಲಾನಯನ. ನಮ್ಮ ಸೀಮೆಯ ವೇದಾವತಿ ನದಿಯ ನೀರು ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆಗೆ ಹೋಗುತ್ತದೆ. ಮಳೆಯ ನೆರಳಿನಲ್ಲಿರುವ ದುರ್ಗಕ್ಕೆ ಮುಂಗಾರಿಗಿಂತ ಸೆಪ್ಟೆಂಬರ್, ಅಕ್ಟೋಬರಿನ ಮಳೆಯೇ ಹೆಚ್ಚು ಆಸರೆ. ಇಲ್ಲಿಯ ಮಾತನ್ನು ಇಲ್ಲಿಯ ಕೆಸರಿನಿಂದಲೇ ಕೇಳಬೇಕು.

ಆ ಕೆಸರು ಕಣ್ಣೆದುರೇ ಖಾಲಿಯಾಗುತ್ತಿದೆ. ಬೇಸಿಗೆಯಲ್ಲಿ ಕೆರೆಗಳ ಹೂಳೆತ್ತಿ ಹೊಲಕ್ಕೆ ಹಾಕುವುದು ಒಳ್ಳೆಯ ಕೆಲಸ, ಅದು ನಡೆಯಲೇಬೇಕು. ಆದರೆ ಜೆಸಿಬಿ ಇಳಿಯುವ ಮೊದಲು ಕೆರೆಯ ಆಳವಾದ ಭಾಗದಲ್ಲಿ ಒಂದು ಕೊಳವೆ ಇಳಿಸಿ, ಮೇಲಿನಿಂದ ತಳದವರೆಗೆ ಪದರ ಕೆಡದಂತೆ ಹೂಳು ತೆಗೆದಿಡಲು ಹೆಚ್ಚು ಹೊತ್ತು ಬೇಕಿಲ್ಲ. ಚನ್ನಗಿರಿಯ ಸೂಳೆಕೆರೆಯಂಥ ಶತಮಾನಗಳ ಹಳೆಯ ಕೆರೆಯಿಂದಲೇ ಆರಂಭಿಸಬಹುದು. ಪರೀಕ್ಷೆಗೆ ಲಖನೌದ ಬೀರಬಲ್ ಸಾಹ್ನಿ ಸಂಸ್ಥೆ ಇದೆ, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯವಿದೆ. ಮಾದರಿ ತೆಗೆಯುವ ಕೆಲಸವನ್ನು ದಾವಣಗೆರೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ ಮಾಡಬಹುದು. ನಿಧಿಯಾಸೆಗೆ ಗೋರಿಗಳನ್ನು ಅಗೆಯುವವರು ಹಾಳುಮಾಡುವುದೂ ಮಡಕೆ, ಚಪ್ಪಡಿಗಳನ್ನು ಮಾತ್ರವಲ್ಲ. ಪದರ ಒಮ್ಮೆ ಬೆರೆತರೆ ಅದರೊಳಗಿನ ಕಾಳಿಗೂ ಇದ್ದಿಲಿಗೂ ಕಾಲ ಹೇಳಬಹುದು, ಆದರೆ ಅವು ಯಾರ ಒಲೆಯವು ಎಂದು ಯಾವ ಪ್ರಯೋಗಾಲಯವೂ ಹೇಳಲಾರದು. ಶಾಸನದ ಬಂಡೆಗೆ ಕಟ್ಟಿದ ಬೇಲಿ ಅದರ ಸುತ್ತಲಿನ ಊರಿನ ನೆಲಕ್ಕೂ ಬೇಕು.