ಕಷಾಯದ ತಳದಲ್ಲಿ ಬಿಳಿ ಪುಡಿ

"ಸಿಸ್ಟರ್, ಮಾತ್ರೆ ಬೇಡ. ನೀರಿನ ಥರ ಇರೋ ಔಷಧಿ ಬರೆಸಿಕೊಡಿ. ಅವನಿಗೆ ಗೊತ್ತಾಗಬಾರದು."

ವಾರಕ್ಕೆ ಎರಡು ಸಲವಾದರೂ ಈ ಮಾತು ಕೇಳುತ್ತೇನೆ. ಶಿವಮೊಗ್ಗದಲ್ಲಿ ಮನೋರೋಗ ವಾರ್ಡಿನ ನರ್ಸ್ ಆಗಿ ಇಪ್ಪತ್ತು ವರ್ಷದ ಮೇಲಾಯ್ತು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಬಂದವರು ಚೀಟಿ ಕೈಗೆ ಸಿಕ್ಕಿದ ಕೂಡಲೇ ನನ್ನನ್ನು ಬಾಗಿಲ ಪಕ್ಕಕ್ಕೆ ಕರೆಯುತ್ತಾರೆ. ಕೆಲವರು ಕೇಳುವುದೂ ಇಲ್ಲ, ಮಾತ್ರೆ ಕುಟ್ಟಿ ತಂಬುಳಿಗೋ ಕಾಫಿಗೋ ಹಾಕಿಬಿಡುತ್ತಾರೆ. ಕಹಿ ಗೊತ್ತಾಗದಿರಲು ಅಪ್ಪೆಹುಳಿ ಒಳ್ಳೆಯದು ಅಂತ ಒಬ್ಬರು ನನಗೇ ಪಾಠ ಹೇಳಿದ್ದರು!

ಇವರ್‍ಯಾರೂ ಕೆಟ್ಟವರಲ್ಲ. ತಿಂಗಳುಗಟ್ಟಲೆ ನಿದ್ದೆಗೆಟ್ಟವರು. ಬೈಯಲು ಬಾಯಿ ಬರುವುದಿಲ್ಲ. ಆದರೆ ಒಂದು ವಿಷಯ ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲವಲ್ಲ ಅಂತ ಸಿಟ್ಟು ಬರುತ್ತದೆ.

ನೀವು ಬೆರೆಸುತ್ತಿರುವುದು ಯಾರಿಗೆ? ಹೆಚ್ಚಿನ ಸಲ ಸಂಶಯದ ಕಾಯಿಲೆ ಇರುವವರಿಗೆ. ಆ ಕಾಯಿಲೆ ಅವರ ಕಿವಿಯಲ್ಲಿ ಹೇಳುವುದೇ, "ಮನೆಯವರು ನಿನ್ನ ಊಟಕ್ಕೆ ಏನೋ ಹಾಕ್ತಿದ್ದಾರೆ" ಅಂತ. ಅದು ಭ್ರಮೆ ಅಂತ ನಾವು ಇಲ್ಲಿ ಕೂತು ಹೇಳುತ್ತೇವೆ. ನೀವು ಅಲ್ಲಿ ನಿಜವಾಗಿಯೂ ಹಾಕುತ್ತೀರಿ. ಹಾಗಾದರೆ ಸರಿ ಹೇಳಿದ್ದು ಯಾರು? ಕಾಯಿಲೆಯೇ ಅಲ್ವಾ?

ಸಾಗರದ ಕಡೆ ಒಂದು ಮನೆಗೆ ಹೋಗಿದ್ದೆ. ಅಡಿಕೆ ಸುಲಿಯುವ ಕಾಲ, ಅಂಗಳದ ತುಂಬ ಸಿಪ್ಪೆ. ಹುಡುಗನಿಗೆ ಇಪ್ಪತ್ತಾರು ವರ್ಷ. ಅತ್ತಿಗೆ ಎರಡು ತಿಂಗಳಿಂದ ಸಂಜೆಯ ಕಷಾಯಕ್ಕೆ ಪುಡಿ ಹಾಕುತ್ತಿದ್ದರು, ಅವನೂ ಸುಧಾರಿಸಿದ್ದ. ನಾನು ಹೋದ ದಿನ ಗಾಜಿನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದ. ತಳದಲ್ಲಿ ಬಿಳಿ ಪುಡಿ ಕೂತಿತ್ತು. "ನೋಡಿ ಸಿಸ್ಟರ್, ನಾನು ಹೇಳಿದ್ದು ಸುಳ್ಳಾ?" ಅಂದ. ಕೂಗಾಡಲಿಲ್ಲ. ಸುಮ್ನೆ ಕೇಳಿದ. ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಆಮೇಲೆ ಮೂರು ವಾರ ಅವನು ತಾನೇ ಸುಲಿದ ಬಾಳೆಹಣ್ಣು, ತಾನೇ ಸೇದಿದ ಬಾವಿ ನೀರು ಬಿಟ್ಟು ಬೇರೆ ಏನನ್ನೂ ಮುಟ್ಟಲಿಲ್ಲ.

ನಮ್ಮ ಕೆಲಸ ಬೆಳೆದು ಬಂದದ್ದೂ ರೋಗಿ ನಮ್ಮ ಮೇಲೆ ಇಡುವ ನಂಬಿಕೆಯ ಕಡೆಗೇ. ಬೆಂಗಳೂರಿನ ಹುಚ್ಚಾಸ್ಪತ್ರೆ ಶುರುವಾಗಿದ್ದು 1847ರಲ್ಲಿ. ಅದಕ್ಕೆ ಮಾನಸಿಕ ಆಸ್ಪತ್ರೆ ಅನ್ನುವ ಹೆಸರು ಬರಲು 1925 ಆಗಬೇಕಾಯ್ತು. ಆಗೆಲ್ಲ ಬೀಗ, ಕಾವಲು ಇವೇ ಜಾಸ್ತಿ. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜಿನ್ ಅನ್ನುವ ಔಷಧಿಯನ್ನು ಮನೋರೋಗಿಗಳಿಗೆ ಕೊಟ್ಟು ನೋಡಿದ ಮೇಲೆ ನರ್ಸ್ ಕೈಗೆ ಬೀಗದ ಕೈ ಬದಲು ಮಾತ್ರೆಯ ತಟ್ಟೆ ಬಂತು. ಅಮೃತಸರದಲ್ಲಿ ಡಾ. ವಿದ್ಯಾ ಸಾಗರ್ ಅವರು 1950ರ ದಶಕದಲ್ಲಿ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ, ಮನೆಯವರನ್ನು ರೋಗಿಯ ಜೊತೆಗೇ ಉಳಿಸಿಕೊಂಡಿದ್ದರು. ನಮ್ಮ ದೇಶದಲ್ಲಿ ಅರ್ಧ ನರ್ಸ್ ಮನೆಯವರೇ. ಹಾಗಾಗಿ ನನಗೆ ಕಲಿಸಿದ್ದನ್ನೇ ನಿಮಗೂ ಹೇಳುತ್ತೇನೆ: ಮಾತ್ರೆಯ ಹೆಸರು ಹೇಳಿ ಕೊಡಿ, ನೀರು ಕೊಟ್ಟು ನುಂಗುವ ತನಕ ಪಕ್ಕದಲ್ಲೇ ಇರಿ.

ಕುಟ್ಟಿದರೆ ಇನ್ನೂ ತೊಂದರೆ ಇದೆ. ಕೆಲವು ಮಾತ್ರೆ ನಿಧಾನವಾಗಿ ಕರಗುವಂತೆ ಮಾಡಿರುತ್ತಾರೆ, ಪುಡಿ ಮಾಡಿದರೆ ಒಂದೇ ಸಲ ಮೈಗೆ ಸೇರುತ್ತದೆ. ಅರ್ಧ ಬಟ್ಟಲು ಉಂಡು ಎದ್ದರೆ ಎಷ್ಟು ಹೋಯ್ತೋ ಯಾರಿಗೂ ಗೊತ್ತಿಲ್ಲ. ವಿಷಯ ಗೊತ್ತಿಲ್ಲದ ಡಾಕ್ಟರು ಡೋಸ್ ಜಾಸ್ತಿ ಮಾಡುತ್ತಾರೆ. ಹೀಗೆ ಪುಡಿ ಹಾಕಿಟ್ಟ ಲೋಟ ನೆಂಟರ ಕೈಗೆ ಹೋದದ್ದೂ ಉಂಟು. ಮಧ್ಯಾಹ್ನದ ಊಟಕ್ಕೆ ಎಬ್ಬಿಸಿದರೂ ಎದ್ದಿರಲಿಲ್ಲವಂತೆ ಪುಣ್ಯಾತ್ಮ.

ಕುಡಿತ ಬಿಡಿಸುವ ಡೈಸಲ್ಫಿರಾಮ್ ಮಾತ್ರೆಯನ್ನಂತೂ ಯಾವ ಕಾರಣಕ್ಕೂ ಕದ್ದು ಹಾಕಬೇಡಿ. ಗೊತ್ತಿಲ್ಲದೆ ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಜೀವವೂ ಹೋಗಬಹುದು.

ಈಗಾಗಲೇ ಬೆರೆಸುತ್ತಿರುವವರು ಇದನ್ನು ಓದಿ ನಾಳೆಯೇ ನಿಲ್ಲಿಸಬೇಡಿ, ಕಾಯಿಲೆ ಮತ್ತೆ ಏಳಬಹುದು. ಮೊದಲು ಡಾಕ್ಟರಿಗೆ ಇದ್ದದ್ದನ್ನು ಇದ್ದಂತೆ ಹೇಳಿ. ಅಪಾಯದ ಹೊತ್ತಿನ ಮಾತು ಬೇರೆ, ಅದಕ್ಕೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ದಾರಿಗಳಿವೆ. ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಕೊಡುವ ಇಂಜೆಕ್ಷನ್ ಕೂಡ ಇದೆ. ಎಲ್ಲರಿಗೂ ಆಗುವುದಿಲ್ಲ, ಆದರೆ ಕೇಳಿ ನೋಡಿ.

ಆ ಹುಡುಗ ಕೊನೆಗೆ ಒಪ್ಪಿದ್ದು ಅದಕ್ಕೇ. ತಿಂಗಳಿಗೊಮ್ಮೆ ಒಬ್ಬನೇ ಬಸ್ಸಿನಲ್ಲಿ ಬರುತ್ತಾನೆ. ಸೀಸೆ ಒಡೆಯುವ ಮುಂಚೆ ನನ್ನ ಕೈಯಿಂದ ಈಸಿಕೊಂಡು, ಬೆಳಕಿಗೆ ಹಿಡಿದು, ಹೆಸರನ್ನೂ ತಾರೀಖನ್ನೂ ಓದುತ್ತಾನೆ. ಹೊರಗೆ ಎಷ್ಟೇ ಜನ ಕಾಯುತ್ತಿದ್ದರೂ ಓದಿ ಮುಗಿಸುವ ತನಕ ನಾನು ಸಿರಿಂಜ್ ಮುಟ್ಟುವುದಿಲ್ಲ.